ಮಾದರಿ ಬೆಂಗಳೂರಿಗೆ, ರೋಗಿ ಹೈದರಾಬಾದಿಗೆ: ಸರ್ಕಾರಿ ಲ್ಯಾಬುಗಳು ಪಿಸಿಆರ್ ಕಲಿತ ಕಥೆ

ಈ ವಾರದ ವಿಡಿಯೋ ಸ್ವಲ್ಪ ಉದ್ದ ಆಯ್ತು. ಓದೋದೇ ಇಷ್ಟ ಅನ್ನೋರಿಗಾಗಿ ಪೂರ್ತಿ ಮಾತನ್ನ ಇಲ್ಲಿ ಬರೆದು ಹಾಕ್ತಾ ಇದ್ದೀನಿ. ಬೋರ್ಡ್ ಮೇಲೆ ಗೀಚಿ ತೋರಿಸಿದ್ದನ್ನ ಇಲ್ಲಿ ಮಾತಲ್ಲೇ ಹೇಳಿದ್ದೀನಿ, ಅಲ್ಲಲ್ಲಿ ಎರಡು ವಾಕ್ಯ ಜಾಸ್ತಿ ಸೇರಿಸಿದ್ದೀನಿ.

2020ರ ಮಾರ್ಚ್ ತಿಂಗಳಿಂದ ಶುರು ಮಾಡೋಣ. ಕಲಬುರಗಿಯ ಒಬ್ಬ ಹಿರಿಯರು ಸೌದಿ ಅರೇಬಿಯಾಕ್ಕೆ ಹೋಗಿ ಬಂದಿದ್ದರು. ಜ್ವರ, ಕೆಮ್ಮು ಶುರುವಾಯಿತು. ಕೊರೊನಾ ಇರಬಹುದು ಅಂತ ಅನುಮಾನ ಬಂದು ಗಂಟಲ ಮಾದರಿ ತೆಗೆದರು. ಆದರೆ ಅದನ್ನ ಪರೀಕ್ಷೆ ಮಾಡೋ ಲ್ಯಾಬು ಆಗ ಕಲಬುರಗಿಯಲ್ಲಿ ಇರಲಿಲ್ಲ. ಮಾದರಿ ಆರುನೂರು ಕಿಲೋಮೀಟರ್ ಹತ್ತಿರದ ದಾರಿ ಹಿಡಿದು ಬೆಂಗಳೂರಿಗೆ ಹೋಯಿತು. ರೋಗಿ ಇನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಹೈದರಾಬಾದಿಗೆ ಹೋದರು. ಅಲ್ಲಿಂದ ವಾಪಸ್ ಬರುವಾಗ, ಮಾರ್ಚ್ 10ರಂದು ತೀರಿಕೊಂಡರು. ಕೊರೊನಾ ಇತ್ತು ಅನ್ನೋ ಫಲಿತಾಂಶ ಹೊರಬಿದ್ದಿದ್ದು ಮಾರ್ಚ್ 12ಕ್ಕೆ. ಅದು ಭಾರತದ ಮೊದಲ ಕೋವಿಡ್ ಸಾವು.

ಇದರಲ್ಲಿ ಯಾರನ್ನೋ ಬೈಯೋದಕ್ಕೆ ಅಂತ ನಾನು ಈ ವಿಷಯ ಎತ್ತಲಿಲ್ಲ. ಆಗ ದೇಶದ ಸ್ಥಿತಿಯೇ ಹಾಗಿತ್ತು. ಆದರೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರಿಗೆ ಈ ಘಟನೆಯ ಭೂಗೋಳ ಚೆನ್ನಾಗಿ ಗೊತ್ತು. ನಮ್ಮ ಕಡೆ ಕಾಯಿಲೆ ಕೈ ಮೀರಿತು ಅಂದ್ರೆ ಬಾಯಿಗೆ ಬರೋ ಮೊದಲ ಮಾತೇ "ಹೈದ್ರಾಬಾದ್‌ಗೆ ತೋರಿಸ್ಕೊಂಡು ಬರ್ರಿ" ಅನ್ನೋದು. ರಾಜಧಾನಿ ಬೆಂಗಳೂರು, ಆಸ್ಪತ್ರೆ ಹೈದರಾಬಾದು. ಹಾಗಾಗಿ ಹೈದರಾಬಾದಿನ ಲ್ಯಾಬುಗಳ ಕಥೆ ಅಂದ್ರೆ ತೆಲಂಗಾಣದವರ ಕಥೆ ಮಾತ್ರ ಅಲ್ಲ.

ಇದಕ್ಕೂ ಒಂದು ವಾರ ಮೊದಲು, ಮಾರ್ಚ್ 2ರಂದು ತೆಲಂಗಾಣದ ಮೊದಲ ಕೊರೊನಾ ಪ್ರಕರಣ ಪತ್ತೆಯಾಗಿತ್ತು. ಅದರಲ್ಲೂ ನಮ್ಮ ಪಾಲು ಇದೆ ನೋಡಿ. ಬೆಂಗಳೂರಿನಲ್ಲಿ ಕೆಲಸ ಮಾಡ್ತಿದ್ದ ಒಬ್ಬ ಟೆಕ್ಕಿ ದುಬೈಗೆ ಹೋಗಿ, ಬೆಂಗಳೂರಿಗೆ ವಾಪಸ್ ಬಂದು, ಅಲ್ಲಿಂದ ಬಸ್ಸಲ್ಲಿ ಹೈದರಾಬಾದಿಗೆ ಬಂದಿದ್ದರು. ಗಾಂಧಿ ಆಸ್ಪತ್ರೆಯಲ್ಲಿ ಪರೀಕ್ಷೆ ಆಯ್ತು, ಆದರೆ ಕೊನೇ ಮೊಹರು ಬೀಳಬೇಕಾಗಿದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಿಂದ. 2020ರ ಜನವರಿಯಲ್ಲಿ ಇಡೀ ದೇಶದಲ್ಲಿ ಈ ವೈರಸ್ಸನ್ನ ಗುರುತಿಸಬಲ್ಲ ಲ್ಯಾಬು ಅಂದ್ರೆ ಪುಣೆಯದ್ದೊಂದೇ. ಜೂನ್ ಮುಗಿಯೋ ಹೊತ್ತಿಗೆ ಲೆಕ್ಕ ಸಾವಿರ ದಾಟಿತು. ಆರು ತಿಂಗಳಲ್ಲಿ ಒಂದರಿಂದ ಸಾವಿರ. ಯಂತ್ರ ಕೊಂಡುಬಿಟ್ರೆ ಆಗೋ ಕೆಲಸ ಇದಲ್ಲ. ಹಾಗಾದ್ರೆ ಹೇಗಾಯ್ತು ಅನ್ನೋದೇ ಇವತ್ತಿನ ಮಾತು.

ಸ್ವಲ್ಪ ಹಿಂದಕ್ಕೆ ಹೋಗೋಣ. ರೋಗ ಪತ್ತೆಯ ಇತಿಹಾಸದಲ್ಲಿ ಹೈದರಾಬಾದ್ ಹೊಸಬ ಅಲ್ಲ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನ ಬೇಗಂಪೇಟೆಯಲ್ಲಿ ರೊನಾಲ್ಡ್ ರಾಸ್ ಅನ್ನೋ ಸೈನ್ಯದ ವೈದ್ಯ ಸೊಳ್ಳೆಯ ಹೊಟ್ಟೆ ಸೀಳಿ, ಮೈಕ್ರೋಸ್ಕೋಪಿನ ಕೆಳಗಿಟ್ಟು, ಅದರ ಗೋಡೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನ ಕಂಡರು. ಹುಸೇನ್ ಖಾನ್ ಅನ್ನೋ ರೋಗಿಗೆ ಸೊಳ್ಳೆಯಿಂದ ಕಚ್ಚಿಸಿಕೊಳ್ಳೋದಕ್ಕೆ ಒಂದು ಸೊಳ್ಳೆಗೆ ಒಂದಾಣೆ ಕೊಟ್ಟಿದ್ದರಂತೆ. ರಾಸ್ ಅದಕ್ಕೆ ಎರಡು ವರ್ಷ ಮೊದಲು ಬೆಂಗಳೂರಿನಲ್ಲೂ ಕಾಲರಾ ಕೆಲಸಕ್ಕೆ ಬಂದು ಹೋಗಿದ್ದರು. 1902ರಲ್ಲಿ ಅವರಿಗೆ ನೊಬೆಲ್ ಬಂತು. ನಲ್ಲಕುಂಟದ ಫೀವರ್ ಆಸ್ಪತ್ರೆಗೆ ಇವತ್ತಿಗೂ ಅವರದೇ ಹೆಸರು.

ರಾಸ್ ಮಾಡಿದ್ದು ಏನು? ಕಣ್ಣಲ್ಲಿ ನೋಡಿದ್ದು. ಅಲ್ಲಿಂದ ಮುಂದೆ ಸುಮಾರು ನೂರು ವರ್ಷ ಸರ್ಕಾರಿ ಲ್ಯಾಬುಗಳು ಮೂರೇ ದಾರಿ ಹಿಡಿದಿದ್ದವು. ಒಂದು, ಮೈಕ್ರೋಸ್ಕೋಪಿನಲ್ಲಿ ನೋಡೋದು. ಎರಡು, ತಟ್ಟೆಯಲ್ಲಿ ಆಹಾರ ಹಾಕಿ ಬ್ಯಾಕ್ಟೀರಿಯಾ ಬೆಳೆಸೋದು. ಮೂರು, ರೋಗಿಯ ರಕ್ತದಲ್ಲಿ ಆ ರೋಗದ ವಿರುದ್ಧ ಪ್ರತಿಕಾಯ ಬಂದಿದೆಯಾ ಅಂತ ನೋಡೋದು. ಮೂರಕ್ಕೂ ಒಂದೊಂದು ತೊಡಕು. ವೈರಸ್ಸು ಮಾಮೂಲಿ ಮೈಕ್ರೋಸ್ಕೋಪಿಗೆ ಕಾಣೋದಿಲ್ಲ. ಕ್ಷಯದ ಬ್ಯಾಕ್ಟೀರಿಯಾ ತಟ್ಟೆಯಲ್ಲಿ ಬೆಳೆಯೋಕೆ ಆರೆಂಟು ವಾರ ತಗೊಳ್ಳುತ್ತೆ. ಪ್ರತಿಕಾಯ ಬರೋಕೆ ಐದಾರು ದಿನ ಕಾಯಬೇಕು, ಅಷ್ಟರಲ್ಲಿ ರೋಗಿ ಒಂದೋ ಹುಷಾರಾಗಿರ್ತಾನೆ, ಇಲ್ಲಾ ಐಸಿಯುನಲ್ಲಿ ಇರ್ತಾನೆ.

ಹೈದರಾಬಾದಿನ ನಾರಾಯಣಗುಡದಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್ ಅಂತ ಒಂದು ಸಂಸ್ಥೆ ಇದೆ. ಊರವರು ಐಪಿಎಂ ಅಂತಾರೆ. ನಾಯಿ ಕಚ್ಚಿದವರಿಗೆ ಲಸಿಕೆ, ಕುಡಿಯೋ ನೀರಿನ ಪರೀಕ್ಷೆ, ಆಹಾರ ಕಲಬೆರಕೆ ಪರೀಕ್ಷೆ, ರಕ್ತ ಪರೀಕ್ಷೆ, ಹೀಗೆ ಜನರ ಆರೋಗ್ಯದ ಸದ್ದಿಲ್ಲದ ಕೆಲಸಗಳೆಲ್ಲ ಇವರ ಪಾಲಿಗೆ. ಪೇಪರಿನಲ್ಲಿ ಹೆಸರು ಬರಬೇಕಾದ್ರೆ ಊರಿಗೆ ಏನಾದ್ರೂ ರೋಗ ಬರಬೇಕು.

ಬಂತು. 2009ರ ಮೇ ತಿಂಗಳಲ್ಲಿ ಅಮೆರಿಕದಿಂದ ಹೈದರಾಬಾದ್ ವಿಮಾನ ನಿಲ್ದಾಣಕ್ಕೆ ಇಳಿದ ಒಬ್ಬ ಯುವಕನಲ್ಲಿ ಹಂದಿಜ್ವರ ಖಚಿತವಾಯಿತು. ಭಾರತದ ಮೊದಲ ಎಚ್1ಎನ್1 ಪ್ರಕರಣ ಅದು. ಹಂದಿಜ್ವರವನ್ನ ಮಾಮೂಲಿ ಫ್ಲೂನಿಂದ ಬೇರೆ ಮಾಡಿ ಹೇಳೋಕೆ ಪಿಸಿಆರ್ ಬಿಟ್ರೆ ಬೇರೆ ದಾರಿ ಇರಲಿಲ್ಲ. ಆ ಒತ್ತಡದಲ್ಲೇ ರಾಜ್ಯದ ಲ್ಯಾಬುಗಳು ಈ ವಿದ್ಯೆಗೆ ಕೈ ಹಚ್ಚಿದ್ದು. ನಂತರದ ವರ್ಷಗಳಲ್ಲಿ ಹಂದಿಜ್ವರ ತಿರುಗಿ ಬಂದಾಗಲೆಲ್ಲ ಜನರ ಬಾಯಲ್ಲಿ ಐಪಿಎಂ ಹೆಸರು ಓಡಾಡಿತು. 2013ರ ನಂತರ ಕೇಂದ್ರದ ಯೋಜನೆಯಲ್ಲಿ ದೇಶದ ಮೆಡಿಕಲ್ ಕಾಲೇಜುಗಳಲ್ಲಿ ವೈರಸ್ ಸಂಶೋಧನೆ ಮತ್ತು ಪತ್ತೆ ಲ್ಯಾಬುಗಳು ಒಂದೊಂದಾಗಿ ಶುರುವಾದವು. 2020ರಲ್ಲಿ ಕೊರೊನಾ ಬಂದಾಗ ದೇಶ ಪೂರ್ತಿ ಬರಿಗೈಲಿ ಇರಲಿಲ್ಲ ಅಂದ್ರೆ ಈ ಸಾಲಿನ ನೂರರ ಆಸುಪಾಸಿನ ಲ್ಯಾಬುಗಳೇ ಕಾರಣ.

ಈಗ ಪಿಸಿಆರ್ ಅಂದ್ರೆ ಏನು ಅಂತ ನೋಡೋಣ. ಕೋವಿಡ್ ಕಾಲದಲ್ಲಿ ಈ ಪದ ಹಾಲಿನವರ ಬಾಯಲ್ಲೂ ಬಂತು, ಆದರೆ ಒಳಗೆ ಏನಾಗುತ್ತೆ ಅಂತ ಯಾರೂ ಕೂತು ಹೇಳಲಿಲ್ಲ.

ರಾತ್ರಿ ಹಾಲಿಗೆ ಹೆಪ್ಪು ಹಾಕ್ತೀವಿ. ಒಂದು ಚಮಚ ಮೊಸರು. ಬೆಳಗ್ಗೆ ಪಾತ್ರೆ ತುಂಬಾ ಮೊಸರು. ಹಾಲಿನಲ್ಲಿ ಮೊಸರಿನ ಅಂಶ ಇತ್ತಾ ಇಲ್ವಾ ಅಂತ ರಾತ್ರಿ ನೋಡಿದ್ರೆ ಗೊತ್ತಾಗಲ್ಲ, ಬೆಳಗ್ಗೆ ಯಾರಿಗೆ ಬೇಕಾದ್ರೂ ಗೊತ್ತಾಗುತ್ತೆ. ಪಿಸಿಆರ್ ಮಾಡೋದೂ ಇಷ್ಟೇ: ಕಾಣದಷ್ಟು ಕಡಿಮೆ ಇರೋದನ್ನ ಕಾಣೋಷ್ಟು ಹೆಚ್ಚು ಮಾಡೋದು. ಒಂದೇ ವ್ಯತ್ಯಾಸ, ಇಲ್ಲಿ ಬ್ಯಾಕ್ಟೀರಿಯಾ ಬೆಳೆಸೋದಿಲ್ಲ, ಅದರ ಡಿಎನ್‌ಎಯ ಒಂದು ಚಿಕ್ಕ ತುಣುಕನ್ನ ಮಾತ್ರ ನಕಲು ಮಾಡ್ತೀವಿ.

ಡಿಎನ್‌ಎ ಎರಡೆಳೆಯ ಹಗ್ಗ. 95 ಡಿಗ್ರಿಗೆ ಕಾಯಿಸಿದ್ರೆ ಎಳೆಗಳು ಬಿಚ್ಚಿಕೊಳ್ತವೆ. ತಣ್ಣಗೆ ಮಾಡಿ 60ರ ಹತ್ತಿರಕ್ಕೆ ತಂದ್ರೆ ಪ್ರೈಮರ್ ಅನ್ನೋ ಚಿಕ್ಕ ತುಂಡುಗಳು ತಮ್ಮ ಜೋಡಿ ಎಲ್ಲಿದೆ ಅಂತ ಹುಡುಕಿ ಅಂಟಿಕೊಳ್ತವೆ. ಪ್ರೈಮರ್ ಅಂದ್ರೆ 20 ಅಕ್ಷರದ ಆಸುಪಾಸಿನ ಒಂದು ಪದ. ನಾಲ್ಕೇ ಅಕ್ಷರದ ಭಾಷೆಯಲ್ಲೂ 20 ಅಕ್ಷರದ ಪದಗಳು ಒಂದು ಲಕ್ಷ ಕೋಟಿಗಿಂತ ಹೆಚ್ಚು ಆಗ್ತವೆ. ಹಾಗಾಗಿ ಸರಿಯಾಗಿ ಆರಿಸಿದ ಪದ ಬೇರೆ ಯಾವುದೋ ಜೀವಿಯಲ್ಲಿ ಆಕಸ್ಮಿಕವಾಗಿ ಸಿಗೋದು ಕಷ್ಟ. ಅಂಟಿಕೊಂಡ ಜಾಗದಿಂದ ಒಂದು ಕಿಣ್ವ ಹೊಸ ಎಳೆಯನ್ನ ನೇಯುತ್ತಾ ಹೋಗುತ್ತೆ. ಒಂದು ಇದ್ದದ್ದು ಎರಡಾಯ್ತು. ಮತ್ತೆ ಕಾಯಿಸಿ, ತಣಿಸಿ, ನೇಯ್ದ್ರೆ ನಾಲ್ಕು. 30 ಸುತ್ತು ಮುಗಿಯೋ ಹೊತ್ತಿಗೆ, ಲೆಕ್ಕದ ಪ್ರಕಾರ, ಒಂದೇ ತುಣುಕು 107 ಕೋಟಿ ಆಗಿರುತ್ತೆ. ಇದು ಅಮೆರಿಕದ ಕ್ಯಾರಿ ಮುಲ್ಲಿಸ್ 1983ರಲ್ಲಿ ಹೊಳೆಯಿಸಿಕೊಂಡ ಉಪಾಯ, ಹತ್ತು ವರ್ಷಕ್ಕೆ ನೊಬೆಲ್ ಬಂತು. 95 ಡಿಗ್ರಿಯಲ್ಲೂ ಬೆಂದು ಹೋಗದ ಕಿಣ್ವ ಎಲ್ಲಿಂದ ಅಂದ್ರೆ, ಬಿಸಿನೀರಿನ ಬುಗ್ಗೆಯಲ್ಲಿ ಬದುಕೋ ಬ್ಯಾಕ್ಟೀರಿಯಾದಿಂದ. ಯಾರೋ ಯಾವುದೋ ಕುತೂಹಲಕ್ಕೆ ಯೆಲ್ಲೋಸ್ಟೋನಿನ ಬುಗ್ಗೆಯಲ್ಲಿ ಹುಡುಕಿದ್ದು ಇವತ್ತು ನಾರಾಯಣಗುಡದಲ್ಲಿ ಕೆಲಸಕ್ಕೆ ಬರುತ್ತೆ.

ಕೊರೊನಾ, ಫ್ಲೂ, ಡೆಂಗಿ ಇವೆಲ್ಲ ಡಿಎನ್‌ಎ ವೈರಸ್‌ಗಳಲ್ಲ, ಆರ್‌ಎನ್‌ಎ ವೈರಸ್‌ಗಳು. ಅದಕ್ಕೆ ಮೊದಲು ಆರ್‌ಎನ್‌ಎಯನ್ನ ಡಿಎನ್‌ಎಗೆ ತಿರುಗಿಸೋ ಒಂದು ಹೆಜ್ಜೆ ಹೆಚ್ಚು. ಆರ್‌ಟಿ-ಪಿಸಿಆರ್‌ನಲ್ಲಿ ಆರ್‌ಟಿ ಅಂದ್ರೆ ಅದೇ.

ನಕಲು ಹೆಚ್ಚಾದ ಹಾಗೆ ಒಳಗೆ ಒಂದು ಬೆಳಕು ಹೆಚ್ಚಾಗುತ್ತೆ, ಯಂತ್ರ ಅದನ್ನ ಸುತ್ತು ಸುತ್ತಿಗೂ ಅಳೆಯುತ್ತೆ. ಎಷ್ಟನೇ ಸುತ್ತಿನಲ್ಲಿ ಬೆಳಕು ಗೆರೆ ದಾಟಿತೋ ಅದೇ ರಿಪೋರ್ಟಿನಲ್ಲಿ ಬರ್ತಿದ್ದ ಸಿಟಿ ವ್ಯಾಲ್ಯೂ. ಎದೆ ಸ್ಕ್ಯಾನಿಗೂ ಇದಕ್ಕೂ ಸಂಬಂಧ ಇಲ್ಲ, ಎಷ್ಟೋ ಜನ ಎರಡನ್ನೂ ಕಲಸಿಬಿಟ್ಟಿದ್ದರು. ಸಂಖ್ಯೆ ಕಡಿಮೆ ಇದ್ದಷ್ಟೂ ವೈರಸ್ ಜಾಸ್ತಿ. 20ರಲ್ಲಿ ದಾಟಿದವರ ಮಾದರಿಯಲ್ಲಿ 30ರಲ್ಲಿ ದಾಟಿದವರಿಗಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಇರುತ್ತೆ, ಯಾಕಂದ್ರೆ ಹತ್ತು ಸಲ ದುಪ್ಪಟ್ಟು ಮಾಡಿದ್ರೆ 1024. ಆದರೆ ಇದನ್ನ ನೋಡಿ ಕಾಯಿಲೆ ಎಷ್ಟು ಗಂಭೀರ ಅಂತ ಹೇಳೋಕಾಗಲ್ಲ. ಕಡ್ಡಿಯನ್ನ ಮೂಗಿನ ತುದಿಗೆ ತಾಗಿಸಿ ತೆಗೆದ್ರೂ ಸಂಖ್ಯೆ ಬದಲಾಗುತ್ತೆ. ಪರೀಕ್ಷೆ ಎಷ್ಟು ಸೂಕ್ಷ್ಮವಾಗಿದ್ರೂ ಕಡ್ಡಿ ಹಿಡಿದ ಕೈ ಸರಿ ಇಲ್ಲದಿದ್ರೆ ಏನೂ ಇಲ್ಲ.

ಹೆಪ್ಪಿನ ಮಾತಿಗೆ ವಾಪಸ್ ಬರ್ತೀನಿ, ಯಾಕಂದ್ರೆ ಲ್ಯಾಬಿನ ದೊಡ್ಡ ಭಯ ಅದರಲ್ಲೇ ಇದೆ. ಮಜ್ಜಿಗೆ ಅದ್ದಿದ ಸೌಟನ್ನ ಹಾಲಿನ ಪಾತ್ರೆಗೆ ಹಾಕಿದ್ರೆ ನಮ್ಮ ಅಜ್ಜಿ ಕೂಗಾಡ್ತಿದ್ದರು. ಪಿಸಿಆರ್ ಲ್ಯಾಬಿನಲ್ಲೂ ಅದೇ ಕೂಗಾಟ. ಒಂದು ಟ್ಯೂಬಿನಲ್ಲಿ ಕೋಟಿಗಟ್ಟಲೆ ನಕಲು ತಯಾರಾಗಿರುತ್ತೆ. ಅದರ ಮುಚ್ಚಳ ತೆಗೆದು, ಕಣ್ಣಿಗೆ ಕಾಣದ ಒಂದು ಹನಿ ಗಾಳಿಯಲ್ಲಿ ಹಾರಿ ನಾಳೆಯ ಮಾದರಿಗೆ ಬಿತ್ತು ಅಂದ್ರೆ, ರೋಗ ಇಲ್ಲದವರಿಗೂ ಪಾಸಿಟಿವ್. ಅದಕ್ಕೆ ಈ ಲ್ಯಾಬುಗಳನ್ನ ಮಡಿ ಅಡುಗೆಮನೆ ಥರ ಕಟ್ಟಿರ್ತಾರೆ. ರಾಸಾಯನಿಕ ಬೆರೆಸೋ ಕೋಣೆ ಬೇರೆ, ಮಾದರಿ ಬಿಚ್ಚೋ ಕೋಣೆ ಬೇರೆ, ಯಂತ್ರ ಇರೋ ಕೋಣೆ ಬೇರೆ. ನಡಿಗೆ ಒಂದೇ ದಿಕ್ಕಿಗೆ. ಯಂತ್ರದ ಕೋಣೆಗೆ ಹೋದವರು ಅದೇ ಕೋಟು ಹಾಕ್ಕೊಂಡು ಮೊದಲ ಕೋಣೆಗೆ ಬರೋ ಹಾಗಿಲ್ಲ. ಪ್ರತಿ ಸಲ ಬರೀ ನೀರು ಹಾಕಿದ ಒಂದು ಟ್ಯೂಬನ್ನೂ ಜೊತೆಗೆ ಓಡಿಸ್ತಾರೆ. ಆ ನೀರಿಗೆ "ಪಾಸಿಟಿವ್" ಬಂತು ಅಂದ್ರೆ ಅವತ್ತಿನ ಇಡೀ ತಟ್ಟೆ ಕಸಕ್ಕೆ. ಹಳೇ ಸರ್ಕಾರಿ ಕಟ್ಟಡದಲ್ಲಿ ಇಂಥ ಮೂರು ಕೋಣೆ ಹೊಂದಿಸೋದು, ಎರಡು ಯಂತ್ರ ಖರೀದಿ ಮಾಡೋದಕ್ಕಿಂತ ಕಷ್ಟ. ನನ್ನ ಕೇಳಿದ್ರೆ ಮಾಲಿಕ್ಯುಲರ್ ಲ್ಯಾಬು ಅಂದ್ರೆ ಮೊದಲು ಗೋಡೆ ಮತ್ತು ಶಿಸ್ತು, ಆಮೇಲೆ ಯಂತ್ರ.

2020ರ ಏಪ್ರಿಲ್‌ಗೆ ಬರೋಣ. ಗಾಂಧಿ, ಉಸ್ಮಾನಿಯಾ, ಫೀವರ್ ಆಸ್ಪತ್ರೆ, ಐಪಿಎಂ, ನಿಮ್ಸ್ ಎಲ್ಲ ಕಡೆ ಮಾದರಿಗಳ ರಾಶಿ. ಆಗ ಕೈ ಜೋಡಿಸಿದ್ದು ಉಪ್ಪಲ್ ರಸ್ತೆಯ ಸಿಸಿಎಂಬಿ. 1977ರಲ್ಲಿ ಪುಷ್ಪಮಿತ್ರ ಭಾರ್ಗವರ ಮುಂದಾಳತ್ವದಲ್ಲಿ ಶುರುವಾದ ಕೋಶ ಮತ್ತು ಅಣುಜೀವ ವಿಜ್ಞಾನ ಕೇಂದ್ರ. ಭಾರತದ ಡಿಎನ್‌ಎ ಬೆರಳಚ್ಚು ತಂತ್ರ ಲಾಲ್‌ಜಿ ಸಿಂಗ್ ಅವರ ಕೈಯಲ್ಲಿ ರೂಪುಗೊಂಡಿದ್ದು ಇಲ್ಲೇ. ಆದರೆ ಇದು ಆಸ್ಪತ್ರೆಯ ಲ್ಯಾಬು ಅಲ್ಲ, ಸಂಶೋಧನೆಯ ಜಾಗ. ಎರಡಕ್ಕೂ ಏನು ವ್ಯತ್ಯಾಸ ಅಂತ ಕೇಳ್ತೀರಾ? ಸಂಶೋಧಕನಿಗೆ ಇವತ್ತಿನ ಪ್ರಯೋಗ ಕೆಟ್ಟರೆ ನಾಳೆ ಇನ್ನೊಮ್ಮೆ ಮಾಡಬಹುದು. ಪತ್ತೆ ಲ್ಯಾಬಿನಲ್ಲಿ ಆ ಟ್ಯೂಬಿನ ಹಿಂದೆ ಒಂದು ಹೆಸರು ಇದೆ, ಆ ಹೆಸರಿನವರು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಸಿಸಿಎಂಬಿಯಲ್ಲಿ ಯಂತ್ರ ಇತ್ತು, ಪಿಸಿಆರ್ ಅನ್ನ ನಿದ್ದೆಯಲ್ಲೂ ಮಾಡಬಲ್ಲ ಯುವ ಸಂಶೋಧಕರು ಇದ್ದರು. ಅವರು ಮಾದರಿ ಪರೀಕ್ಷೆ ಮಾಡಿದ್ದೂ ಹೌದು, ಬೇರೆ ಲ್ಯಾಬಿನವರಿಗೆ ತರಬೇತಿ ಕೊಟ್ಟಿದ್ದೂ ಹೌದು. ನನಗೆ ಎರಡನೇದೇ ದೊಡ್ಡದು ಅನ್ನಿಸುತ್ತೆ.

ಅವರು ಮಾಡಿದ ಇನ್ನೊಂದು ಕೆಲಸ ಇದೆ, ನೋಡೋಕೆ ತುಂಬಾ ಸಣ್ಣದು. ನನಗಂತೂ ಬಹಳ ಇಷ್ಟ.

ಮಾಮೂಲಿ ಪದ್ಧತಿ ಹೀಗೆ. ಮೂಗಿನಿಂದ ತೆಗೆದ ಕಡ್ಡಿಯನ್ನ ಸುಮಾರು ಮೂರು ಮಿಲಿ ಗುಲಾಬಿ ಬಣ್ಣದ ದ್ರವದಲ್ಲಿ ಅದ್ದಿ, ಮುಚ್ಚಿ, ಮೂರು ಪದರ ಪ್ಯಾಕ್ ಮಾಡಿ, ಐಸ್ ಡಬ್ಬಿಯಲ್ಲಿಟ್ಟು ಕಳಿಸಬೇಕು. ಲ್ಯಾಬಿನಲ್ಲಿ ಅದನ್ನ ಬಿಚ್ಚಿ, ಒಂದು ಕಿಟ್ ಬಳಸಿ, ಬೇರೆಲ್ಲ ಕೊಳೆ ತೆಗೆದು ಆರ್‌ಎನ್‌ಎ ಮಾತ್ರ ಬೇರ್ಪಡಿಸಬೇಕು. ಆಮೇಲೆ ಪಿಸಿಆರ್. ನಡುವಿನ ಈ ಬೇರ್ಪಡಿಸೋ ಹೆಜ್ಜೆಗೇ ಗಂಟೆಗಟ್ಟಲೆ ಸಮಯ, ಅದಕ್ಕೇ ಕೈಗಳು ಹೆಚ್ಚು ಬೇಕು, ಅದರ ಕಿಟ್ಟಿಗೇ 2020ರಲ್ಲಿ ಪ್ರಪಂಚ ಪೂರ್ತಿ ಕಿತ್ತಾಟ. ವಿಮಾನ ಹಾರ್ತಿಲ್ಲ, ಕಿಟ್ ಬರ್ತಿಲ್ಲ. ಜೊತೆಗೆ ಆ ದ್ರವದ ಟ್ಯೂಬು ಸೋರಿದ್ರೆ ಬಿಚ್ಚುವವರ ಕೈಗೇ ಅಪಾಯ.

ಸಿಸಿಎಂಬಿಯವರು ಕೇಳಿಕೊಂಡ ಪ್ರಶ್ನೆ: ಆ ದ್ರವ ಬೇಕೇ ಬೇಕಾ? ಕಡ್ಡಿಯನ್ನ ಒಣದಾಗಿಯೇ ಖಾಲಿ ಟ್ಯೂಬಿಗೆ ಹಾಕಿ ಕಳಿಸಿದ್ರೆ? ಲ್ಯಾಬಿಗೆ ಬಂದ ಮೇಲೆ ಎಲ್ಲಾ ಕಡೆ ಸಿಗೋ ಅಗ್ಗದ ಟಿಇ ಅನ್ನೋ ಬಫರ್ ದ್ರಾವಣದಲ್ಲಿ ಅದನ್ನ ನೆನೆಸಿ, ಜೋರಾಗಿ ಕಾಯಿಸಿದ್ರೆ, ವೈರಸ್ಸಿನ ಚಿಪ್ಪು ಒಡೆದು ಆರ್‌ಎನ್‌ಎ ತಾನೇ ಹೊರಗೆ ಬರುತ್ತೆ. ವೈರಸ್ಸೂ ಸಾಯುತ್ತೆ. ಅದನ್ನೇ ನೇರ ಪಿಸಿಆರ್‌ಗೆ ಹಾಕೋದು. ಬೇರ್ಪಡಿಸೋ ಹೆಜ್ಜೆಯೇ ಇಲ್ಲ. ಕೊಳೆ ಉಳಿದುಕೊಳ್ಳುತ್ತೆ, ಫಲಿತಾಂಶ ಹಾಳಾಗಬಹುದು ಅನ್ನೋದು ಸಹಜವಾದ ಅನುಮಾನ. ಆದರೆ ಇನ್ನೊಂದು ಕಡೆ ಲಾಭವೂ ಇತ್ತು: ಮೂರು ಮಿಲಿ ದ್ರವದಲ್ಲಿ ವೈರಸ್ ತೆಳುವಾಗಿಬಿಡುತ್ತೆ, ಒಣ ಕಡ್ಡಿಯನ್ನ ಸ್ವಲ್ಪವೇ ಬಫರಿನಲ್ಲಿ ನೆನೆಸಿದ್ರೆ ಗಟ್ಟಿಯಾಗಿ ಉಳಿಯುತ್ತೆ. ಸಾರಿಗೆ ಒಂದು ಚೆಂಬು ನೀರು ಸುರಿಯೋದಕ್ಕೂ ಒಂದು ಲೋಟ ಹಾಕೋದಕ್ಕೂ ಇರೋ ವ್ಯತ್ಯಾಸ. ಹಳೇ ಪದ್ಧತಿಗೂ ಇದಕ್ಕೂ ಹೋಲಿಸಿ ನೋಡಿದಾಗ ಫಲಿತಾಂಶ ಶೇ. 97ರ ಹತ್ತಿರ ತಾಳೆಯಾಯಿತು. 2020ರ ನವೆಂಬರ್ ಕೊನೆಗೆ ಐಸಿಎಂಆರ್ ಇದಕ್ಕೆ ಒಪ್ಪಿಗೆ ಕೊಟ್ಟಿತು. ಇದ್ದ ಯಂತ್ರ, ಇದ್ದ ಸಿಬ್ಬಂದಿಯಲ್ಲೇ ಎರಡು ಮೂರು ಪಟ್ಟು ಪರೀಕ್ಷೆ ಮಾಡಬಹುದು ಅನ್ನೋದು ಸಿಸಿಎಂಬಿಯ ಮಾತಾಗಿತ್ತು.

ಒಂದು ಬೇಜಾರು ಇದರಲ್ಲಿ ಇದೆ. ಒಪ್ಪಿಗೆ ಬರೋ ಹೊತ್ತಿಗೆ ಮೊದಲ ಅಲೆ ಇಳಿದುಹೋಗಿತ್ತು. ಏಪ್ರಿಲ್‌ನಲ್ಲಿ ಬೇಕಾಗಿದ್ದು ನವೆಂಬರ್‌ಗೆ ಸಿಕ್ಕಿತು. ತಪ್ಪು ಪರೀಕ್ಷೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟರೆ ಅದೂ ಅನಾಹುತವೇ, ಹಾಗಾಗಿ ತಡವನ್ನ ಸುಮ್ಮನೆ ಬೈಯೋಕೂ ಆಗಲ್ಲ. ಆದರೂ ಆ ಏಳು ತಿಂಗಳು ನನ್ನ ತಲೆಯಿಂದ ಹೋಗಲ್ಲ.

ಪೂಲಿಂಗ್ ಅನ್ನೋ ಉಪಾಯವನ್ನೂ ಲ್ಯಾಬುಗಳು ಬಳಸಿದವು. ಐದು ಜನರ ಮಾದರಿ ಸ್ವಲ್ಪ ಸ್ವಲ್ಪ ಬೆರೆಸಿ ಒಂದೇ ಪರೀಕ್ಷೆ. ನೆಗೆಟಿವ್ ಬಂದ್ರೆ ಐದೂ ಜನ ಪಾರು. ಪಾಸಿಟಿವ್ ಬಂದ್ರೆ ಐವರನ್ನೂ ಬೇರೆ ಬೇರೆ ಮಾಡಬೇಕು. ನೂರರಲ್ಲಿ ಇಬ್ಬರಿಗೆ ಸೋಂಕು ಇರೋ ಊರಿನಲ್ಲಿ 100 ಜನಕ್ಕೆ ಸುಮಾರು 30 ಪರೀಕ್ಷೆ ಸಾಕು. ಅದೇ ನೂರರಲ್ಲಿ 20 ಜನಕ್ಕೆ ಇದ್ದರೆ ಲೆಕ್ಕ 87ಕ್ಕೆ ಏರುತ್ತೆ, ಜೊತೆಗೆ ಬಹಳಷ್ಟು ಜನಕ್ಕೆ ಎರಡೆರಡು ದಿನ ಕಾಯೋ ಕರ್ಮ. ಅದಕ್ಕೇ ಐಸಿಎಂಆರ್ ಸೋಂಕು ಶೇ. 2ಕ್ಕಿಂತ ಕಡಿಮೆ ಇರೋ ಕಡೆ ಮಾತ್ರ ಇದನ್ನ ಸಲೀಸಾಗಿ ಬಿಟ್ಟಿದ್ದು. ಜಾಣತನದ ಉಪಾಯ, ಆದರೆ ಮಳೆ ಜೋರಾದಾಗ ಕೈ ಕೊಡೋ ಕೊಡೆ.

ಈಗ ಮನೆಯ ಒಂದು ಕಥೆ. ವಿಡಿಯೋದಲ್ಲಿ ಇದನ್ನ ಹೇಳೋದೋ ಬೇಡವೋ ಅಂತ ಯೋಚನೆ ಮಾಡಿದ್ದೆ.

ನನ್ನ ಸೋದರಮಾವ ಬೀದರ್ ಜಿಲ್ಲೆಯವರು, ಹೊಲ ಮನೆ ನೋಡ್ಕೊಂಡು ಇರ್ತಾರೆ. ಕೋವಿಡ್‌ಗೆ ಎರಡು ವರ್ಷ ಮುಂಚೆ ಕೆಮ್ಮು ಶುರುವಾಯ್ತು. "ಏನಿಲ್ಲ ತಮ್ಮಾ, ಬರೀ ಕೆಮ್ಮು ಅದ" ಅಂತ ಫೋನಲ್ಲಿ ನಗ್ತಿದ್ದರು. ಹತ್ತಿರದ ಒಂದು ಆಸ್ಪತ್ರೆಯಲ್ಲಿ ಎರಡು ಸಲ ಕಫ ನೋಡಿದ್ರು, ಎರಡು ಸಲವೂ ಟಿಬಿ ಇಲ್ಲ ಅಂದ್ರು. ಮಾತ್ರೆ, ಸಿರಪ್ಪು, ಮತ್ತೆ ಮಾತ್ರೆ. ನಾಲ್ಕು ತಿಂಗಳಲ್ಲಿ ಅಂಗಿ ಹ್ಯಾಂಗರಿಗೆ ನೇತು ಹಾಕಿದ ಹಾಗೆ ಕಾಣಿಸ್ತಿತ್ತು. ಆಮೇಲೆ ಹೈದರಾಬಾದಿಗೆ ಕರೆಸಿಕೊಂಡೆ. "ಮಾಮಾ, ಕಫ ಇನ್ನೊಮ್ಮೆ ಕೊಡ್ರಿ" ಅಂದಾಗ "ಎರಡು ಸಲ ಇಲ್ಲ ಅಂದಾರಲ್ಲೋ" ಅಂತ ಸಿಟ್ಟು ಮಾಡಿಕೊಂಡರು. ಈ ಸಲ ಸಿಬಿನ್ಯಾಟ್ ಮಾಡಿದ್ರು. ಬೆಳಗ್ಗೆ ಕೊಟ್ಟ ಕಫಕ್ಕೆ ಸಂಜೆ ಉತ್ತರ: ಟಿಬಿ ಇದೆ.

ಮೊದಲಿನ ಲ್ಯಾಬಿನವರು ಸುಳ್ಳು ಹೇಳಿದ್ರಾ? ಇಲ್ಲ. ಮೈಕ್ರೋಸ್ಕೋಪಿನಲ್ಲಿ ಟಿಬಿ ಕಾಣಬೇಕಾದ್ರೆ ಒಂದು ಮಿಲಿ ಕಫದಲ್ಲಿ ಹತ್ತು ಸಾವಿರದಷ್ಟು ಬ್ಯಾಕ್ಟೀರಿಯಾ ಇರಬೇಕು. ಸಿಬಿನ್ಯಾಟ್‌ಗೆ ನೂರು ಚಿಲ್ಲರೆ ಇದ್ದರೂ ಸಾಕು. ಬೇರೆ ದೇಶಗಳಲ್ಲಿ ಜೀನ್‌ಎಕ್ಸ್‌ಪರ್ಟ್ ಅನ್ನೋ ಯಂತ್ರಕ್ಕೆ ನಮ್ಮ ಸರ್ಕಾರಿ ಹೆಸರು ಸಿಬಿನ್ಯಾಟ್. ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಒಪ್ಪಿದ್ದು 2010ರಲ್ಲಿ. ನಾನು ಆಗಲೇ ಹೇಳಿದ ಮೂರು ಕೋಣೆಯ ಮಡಿಯನ್ನೆಲ್ಲ ಒಂದು ಕಾರ್ಟ್ರಿಜ್ ಒಳಗೆ ಮುಚ್ಚಿಟ್ಟ ಹಾಗೆ ಇದು. ಕಫ ಹಾಕು, ಮುಚ್ಚು, ಎರಡು ಗಂಟೆ ಕಾಯಿ. ಅಷ್ಟೇ ಅಲ್ಲ, ರಿಫಾಂಪಿಸಿನ್ ಅನ್ನೋ ಮುಖ್ಯವಾದ ಔಷಧಿ ಈ ಟಿಬಿಗೆ ಕೆಲಸ ಮಾಡುತ್ತಾ ಇಲ್ವಾ ಅಂತಲೂ ಅದೇ ಹೊತ್ತಿಗೆ ಹೇಳುತ್ತೆ. ಬ್ಯಾಕ್ಟೀರಿಯಾದ ಒಂದು ಜೀನಿನಲ್ಲಿ ಅಕ್ಷರ ಬದಲಾಗಿದೆಯಾ ಅಂತ ನೋಡಿ ಹೇಳೋದು ಅದು. ಹಳೇ ದಾರಿಯಲ್ಲಿ ಇದು ಗೊತ್ತಾಗೋ ಹೊತ್ತಿಗೆ ರೋಗಿ ಎರಡು ಮೂರು ತಿಂಗಳು ಕೆಲಸ ಮಾಡದ ಮಾತ್ರೆ ನುಂಗಿರ್ತಾನೆ, ಮನೆಯವರಿಗೂ ಹಂಚಿರ್ತಾನೆ.

ಆದರೆ ಈ ಯಂತ್ರಕ್ಕೆ ಏಸಿ ಬೇಕು, ಕರೆಂಟು ಹೋಗಬಾರದು. ತಾಲ್ಲೂಕು ಆಸ್ಪತ್ರೆಯ ಮೇ ತಿಂಗಳು ಹೇಗಿರುತ್ತೆ ಅಂತ ನಿಮಗೆ ಗೊತ್ತು. ಇಲ್ಲಿ ನಮ್ಮ ಬೆಂಗಳೂರು ಬರುತ್ತೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಅನ್ನೋ ಸಂಸ್ಥೆ ಬ್ಯಾಟರಿಯಲ್ಲಿ ನಡೆಯೋ, ಮೇಜಿನ ಮೇಲೆ ಕೂರೋ ಪಿಸಿಆರ್ ಯಂತ್ರ ರೂಪಿಸಿತು, ಗೋವಾದ ಮಾಲ್‌ಬಯೋ ಅದನ್ನ ತಯಾರಿಸುತ್ತೆ. ಹೆಸರು ಟ್ರೂನ್ಯಾಟ್. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಟಿಬಿಗೆ ಇದನ್ನೂ ಶಿಫಾರಸು ಮಾಡಿತು. ಅದೇ ವರ್ಷ ಕೊರೊನಾಗೂ ಅದೇ ಡಬ್ಬಿ ಕೆಲಸಕ್ಕೆ ಬಂತು, ಚಿಪ್ ಬದಲಾಯಿಸಿದ್ರೆ ಆಯ್ತು. ಮಲೆನಾಡಿನ ಮಂಗನ ಕಾಯಿಲೆಗೂ ಇದರಲ್ಲಿ ಪರೀಕ್ಷೆ ತಯಾರಾಗಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಕಾಯಿಲೆ ಅದು, ಉಣ್ಣೆಯಿಂದ ಬರೋದು. ಅದರ ವೈರಸ್ಸು ರಕ್ತದಲ್ಲಿ ಸಿಗೋದು ಮೊದಲ ವಾರ, ಹತ್ತು ದಿನ. ಆ ಕಿಟಕಿಯೊಳಗೆ ಮಾದರಿ ಲ್ಯಾಬಿಗೆ ತಲುಪಿ ಉತ್ತರ ಬಂದ್ರೆ ಮಾತ್ರ ಆ ಕಾಡಿನ ಪಕ್ಕದ ಊರಿನವರಿಗೆ ಪ್ರಯೋಜನ.

ಒಬ್ಬೊಬ್ಬರನ್ನ ಪರೀಕ್ಷೆ ಮಾಡೋದು ಬಿಟ್ಟು ಊರನ್ನೇ ಪರೀಕ್ಷೆ ಮಾಡಬಹುದಾ? ಮಾಡಬಹುದು, ಸ್ವಲ್ಪ ಮೂಗು ಮುಚ್ಚಿಕೊಳ್ಳಬೇಕು ಅಷ್ಟೇ. ಕೊರೊನಾ ಸೋಂಕಿತರ ಮಲದಲ್ಲೂ ವೈರಸ್ಸಿನ ಆರ್‌ಎನ್‌ಎ ಹೋಗುತ್ತೆ, ಕೆಲವರಲ್ಲಿ 35 ದಿನದವರೆಗೂ. 2020ರ ಆಗಸ್ಟ್‌ನಲ್ಲಿ ಸಿಸಿಎಂಬಿ ಮತ್ತು ಪಕ್ಕದ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯವರು ಹೈದರಾಬಾದಿನ ಚರಂಡಿ ನೀರು ಶುದ್ಧೀಕರಣ ಘಟಕಗಳಿಂದ ಮಾದರಿ ತಂದು, ಪಿಸಿಆರ್ ಮಾಡಿ, ಲೆಕ್ಕ ಹಾಕಿದ್ರು. ಊರಲ್ಲಿ ಸುಮಾರು 6 ಲಕ್ಷ 60 ಸಾವಿರ ಜನಕ್ಕೆ ಸೋಂಕು ತಗುಲಿರಬಹುದು ಅಂತ ಅಂದಾಜು ಬಂತು. ಆಗ ಇಡೀ ತೆಲಂಗಾಣದ ಅಧಿಕೃತ ಸಂಖ್ಯೆ ಇನ್ನೂ ಒಂದು ಲಕ್ಷ ಮುಟ್ಟಿರಲಿಲ್ಲ. ಅಂದಾಜು ಅಂದಾಜೇ, ಮೇಲೆ ಕೆಳಗೆ ಆಗಬಹುದು. ಆದರೆ ಪರೀಕ್ಷೆಗೆ ಬಾರದವರ, ಲಕ್ಷಣವೇ ಇಲ್ಲದವರ ಲೆಕ್ಕ ಚರಂಡಿಯಲ್ಲಿ ಸಿಕ್ಕಿತು. ಆಗ ಸಿಸಿಎಂಬಿ ನಿರ್ದೇಶಕರಾಗಿದ್ದ ರಾಕೇಶ್ ಮಿಶ್ರಾ 2021ರಲ್ಲಿ ಬೆಂಗಳೂರಿನ ಟಾಟಾ ಜೀನ್ ಸಂಸ್ಥೆಗೆ ಬಂದರು, ಬೆಂಗಳೂರಿನ ಚರಂಡಿಗಳಲ್ಲೂ ಇಂಥದ್ದೇ ಕಣ್ಗಾವಲು ಶುರುವಾಯಿತು.

ವೈರಸ್ಸಿನ ಪೂರ್ತಿ ಅಕ್ಷರಮಾಲೆ ಓದೋ ಜೀನೋಮ್ ಸೀಕ್ವೆನ್ಸಿಂಗ್ ಬಗ್ಗೆ ಬೇರೆ ಸಂಚಿಕೆ ಮಾಡ್ತೀನಿ. ಇಲ್ಲಿ ಒಂದೇ ಮಾತು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇನ್ಸಾಕಾಗ್ ಅನ್ನೋ ಲ್ಯಾಬುಗಳ ಕೂಟ ಕಟ್ಟಿದಾಗ ಹೈದರಾಬಾದಿನ ಸಿಸಿಎಂಬಿ, ಸಿಡಿಎಫ್‌ಡಿ ಎರಡೂ ಅದರಲ್ಲಿ ಇದ್ದವು. 2021ರ ಡಿಸೆಂಬರ್ 2ರಂದು ದೇಶದ ಮೊದಲ ಒಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಗೊತ್ತಾಗಿದ್ದು ಇಂಥ ಓದಿನಿಂದಲೇ.

ಇನ್ನು ಉಳಿದಿದ್ದು ನೀವು ಎಲ್ಲರೂ ಕೇಳೋ ಪ್ರಶ್ನೆ: ಆ ಯಂತ್ರಗಳೆಲ್ಲ ಈಗ ಏನ್ ಮಾಡ್ತಿವೆ? ಪಿಸಿಆರ್ ಯಂತ್ರಕ್ಕೆ ಕೊರೊನಾನೇ ಆಗಬೇಕು ಅಂತ ಏನಿಲ್ಲ. ಪ್ರೈಮರ್ ಬದಲಾಯಿಸಿದ್ರೆ ಡೆಂಗಿಯ ನಾಲ್ಕು ಬಗೆಯಲ್ಲಿ ಈ ವರ್ಷ ಯಾವುದು ಓಡಾಡ್ತಿದೆ ಅಂತ ಹೇಳುತ್ತೆ, ಫ್ಲೂ ಹೇಳುತ್ತೆ, ಕಾಮಾಲೆ ರೋಗಿಯ ರಕ್ತದಲ್ಲಿ ವೈರಸ್ ಎಷ್ಟಿದೆ ಹೇಳುತ್ತೆ. ಯಂತ್ರಕ್ಕೆ ಮರೆವು ಇಲ್ಲ. ಆದರೆ ಪ್ರೈಮರ್, ಕಿಣ್ವ, ಪ್ಲಾಸ್ಟಿಕ್ ಟ್ಯೂಬು ಎಲ್ಲ ತಿಂಗಳು ತಿಂಗಳು ಕೊಳ್ಳಬೇಕು, ಕಿಣ್ವ ಮೈನಸ್ 20ರಲ್ಲಿ ಇರಬೇಕು, ಅವಧಿ ಮುಗಿದ್ರೆ ಎಸೀಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕೈ ಪಳಗಿದ ಟೆಕ್ನಿಷಿಯನ್ ಬೇಕು. ತುರ್ತು ಕಾಲದಲ್ಲಿ ಗುತ್ತಿಗೆಗೆ ತಗೊಂಡ ಹುಡುಗ ಹುಡುಗಿಯರು ಗುತ್ತಿಗೆ ಮುಗಿದ ದಿನ ಮನೆಗೆ ಹೋದ್ರೆ, ಆ ಮಡಿ, ಆ ಶಿಸ್ತು, ಆ ಕೈ ಅಳತೆ ಎಲ್ಲ ಅವರ ಜೊತೆಗೇ ಹೋಗುತ್ತೆ. ಯಂತ್ರದ ಉದ್ಘಾಟನೆಗೆ ರಿಬ್ಬನ್ ಇರುತ್ತೆ, ಟೆಕ್ನಿಷಿಯನ್ ಸಂಬಳಕ್ಕೆ ಇರಲ್ಲ. ನಿಮ್ಮ ಜಿಲ್ಲಾ ಆಸ್ಪತ್ರೆಗೆ ಹೋದಾಗ ಲ್ಯಾಬಿನಲ್ಲಿ ಒಂದು ಮಾತು ಕೇಳಿ: ಈ ತಿಂಗಳು ಎಷ್ಟು ದಿನ ಯಂತ್ರ ಓಡಿತು? ಕಿಟ್ ಇಲ್ಲದೆ ಎಷ್ಟು ದಿನ ನಿಂತಿತ್ತು? ತಕರಾರು ತೆಗೆಯೋಕಲ್ಲ, ಸುಮ್ಮನೆ ಕೇಳಿ. ಯಾರೋ ಕೇಳ್ತಾರೆ ಅಂತ ಗೊತ್ತಾದ್ರೆ ಸಾಕು, ಮೇಲೆ ಬರೆದು ಕಳಿಸೋರಿಗೆ ಒಂದು ಆಸರೆ ಆಗುತ್ತೆ.

ಕಲಬುರಗಿಯಲ್ಲಿ ಆ ಸಾವಾದ ಮೇಲೆ ಕೆಲವೇ ವಾರಗಳಲ್ಲಿ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲೇ ಕೊರೊನಾ ಪರೀಕ್ಷೆ ಶುರುವಾಯಿತು. ಮಾದರಿ ಆರುನೂರು ಕಿಲೋಮೀಟರ್ ಹೋಗೋದು ತಪ್ಪಿತು.

ನಮ್ಮ ಮಾಮಾ ಆರು ತಿಂಗಳು ಮಾತ್ರೆ ತಪ್ಪಿಸದೆ ತಗೊಂಡರು. ಅವರದ್ದು ಔಷಧಿಗೆ ಬಗ್ಗೋ ಟಿಬಿ ಅಂತ ಅದೇ ಸಂಜೆ ಗೊತ್ತಾಗಿದ್ದರಿಂದ ಮೊದಲ ದಿನದಿಂದಲೇ ಸರಿಯಾದ ಮಾತ್ರೆ. ಈಗ ತೂಕ ಮೊದಲಿಗಿಂತ ಜಾಸ್ತಿ ಆಗಿದೆ. ಮನೆಯಲ್ಲಿ ಮತ್ತೆ ಯಾರಿಗಾದ್ರೂ ಎರಡು ವಾರ ದಾಟಿ ಕೆಮ್ಮು ಬಂದ್ರೆ ಅವರೇ ಮುಂದೆ ನಿಂತು ಕರ್ಕೊಂಡು ಹೋಗ್ತಾರೆ, ಲ್ಯಾಬಿನ ಕಿಟಕಿಯಲ್ಲಿ ತಲೆ ಹಾಕಿ "ದುರ್ಬೀನಿನಾಗ ನೋಡೋದು ಬ್ಯಾಡ್ರಿ, ಆ ಡಬ್ಬಿಯಾಗ ಹಾಕ್ರಿ" ಅಂತ ಹೇಳ್ತಾರಂತೆ. ಲ್ಯಾಬಿನ ಹುಡುಗಿ ಈಗ ಅವರನ್ನ ಹೆಸರು ಹಿಡಿದೇ ಮಾತಾಡಿಸ್ತಾಳೆ.